ರಾಹೇಲವ್ವನ ಎರಡು ಸಬ್ಬತ್ತು

ಮಿಶನ್ ಕಂಪೌಂಡಿನ ಒಂದು ಮನೆಯಲ್ಲಿ ಇಬ್ಬರು ವಿಧುರ ಅಣ್ಣತಮ್ಮಂದಿರಿದ್ದರು. ದೇವರು ಒಬ್ಬನೇ, ಒಲೆಯೂ ಒಂದೇ, ವಾರ ಮಾತ್ರ ಬೇರೆ. ಕೆಲಸ ಮುಟ್ಟದೆ ದೇವರಿಗೆ ಮೀಸಲಿಡುವ ಸಬ್ಬತ್ತಿನ ದಿನ ಅಣ್ಣ ಸತ್ಯವಂತಪ್ಪನಿಗೆ ರವಿವಾರ, ತಮ್ಮ ದಾನಿಯೇಲಪ್ಪನಿಗೆ ಶನಿವಾರ. ತನ್ನ ದಿನ ಒಲೆ ಹೊತ್ತಿಸುವುದು ಪಾಪವೆಂದು ಇಬ್ಬರೂ ಗುಡುಗುವರು. ಇನ್ನೊಬ್ಬನ ದಿನ ಬಂತೋ, ಅವನ ಹೊಟ್ಟೆ ಉರಿಸಲಿಕ್ಕೆಂದೇ ಕೋಳಿ ಸಾರು ಮಾಡಿಸುವರು. ಹೀಗಾಗಿ ಅಡುಗೆಯ ರಾಹೇಲವ್ವನಿಗೆ ವಾರದ ಏಳೂ ದಿನ ದುಡಿತ.

ಒಂದು ಶುಕ್ರವಾರ ಇಬ್ಬರೂ ಅವಳನ್ನು ನಿಲ್ಲಿಸಿ, "ಯಾರ ದಿನ ಖರೇ ಅಂತ ಇವತ್ತ ಹೇಳು, ಇಲ್ಲಾಂದ್ರ ಕೆಲಸ ಬಿಡು" ಎಂದರು.

ರಾಹೇಲವ್ವ ತಲೆಯ ಮೇಲೆ ಸೆರಗು ಹೊದ್ದಳು.

"ಸಾಹೇಬ್ರ, ಬೈಬಲ್ ಓದಿದ ನಿಮಗ ಬಗಿಹರಿಲಿಲ್ಲ, ನನಗೇನ್ ತಿಳೀತದ? ತಪ್ಪು ದಿನ ದುಡದು ನರಕಕ್ಕ ಹೋಗೂದು ಬ್ಯಾಡ. ನಿಮ್ಮ ವಾದ ಮುಗಿಯೂ ತನಕ ಎರಡೂ ದಿನ ನಾ ಒಲಿ ಮುಟ್ಟಂಗಿಲ್ಲ."

ತನ್ನ ದಿನ ಉಳಿಯಿತೆಂದು ಇಬ್ಬರೂ ಬೀಗಿದರು.

ಶನಿವಾರ ಹಿಂದಿನ ದಿನದ ರೊಟ್ಟಿಯಲ್ಲಿ ಕಳೆಯಿತು. ರವಿವಾರ ಅದೇ ರೊಟ್ಟಿ ಹಲ್ಲಿಗೆ ಬಗ್ಗಲಿಲ್ಲ. ಅನ್ನಕ್ಕೆ ನೀರೆಷ್ಟು ಇಡಬೇಕೆಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಸಂಜೆ ಪ್ರಾರ್ಥನೆ ಮುಗಿಸಿ ಬಂದ ರಾಹೇಲವ್ವ ಬಾಗಿಲಲ್ಲೇ ನಿಂತು ಕೇಳಿದಳು: "ಯಾವ ದಿನ ದೊಡ್ಡದು ಅಂತ ಬಗಿಹರೀತೇನ್ರಿ?"

ಅಣ್ಣತಮ್ಮಂದಿರು ಜೀವಮಾನದಲ್ಲಿ ಮೊದಲ ಸಲ ಒಕ್ಕೊರಲಿನಿಂದ ಅಂದರು:

"ಸೋಮವಾರ!"