ಕುಂಚ ತಂದ ಫಾಂಟು

ಒಂದು ಲಿನಕ್ಸ್ ಕಂಪ್ಯೂಟರಿನಲ್ಲಿ ಕುಂಚ ಎಂಬ ಚಿತ್ರ ಬಿಡಿಸುವ ಆ್ಯಪ್ ಇತ್ತು. ಬರುವಾಗ ಅದು ತನ್ನೊಡನೆ ಒಂದು ಕನ್ನಡ ಫಾಂಟನ್ನೂ ಕರೆತಂದಿತ್ತು. ಮುಂದೆ ಆ ಕಂಪ್ಯೂಟರಿನ ಒಡತಿ ಚಿತ್ರ ಬಿಟ್ಟು ಬರವಣಿಗೆಗೆ ತಿರುಗಿದಳು. ಆ್ಯಪ್‌ಗಳನ್ನು ಹಾಕಿ ತೆಗೆಯುವ ಪಾರುಪತ್ಯಗಾರನಿಗೆ, "ಕುಂಚವನ್ನು ತೆಗೆದುಬಿಡು" ಎಂದು ಅಪ್ಪಣೆ ಮಾಡಿದಳು.

ಕುಂಚಕ್ಕೆ ಅವಮಾನವಾಯಿತು. "ಹೋಗುತ್ತೇನೆ. ಆದರೆ ಫಾಂಟು ನಾನು ತಂದದ್ದು, ನನ್ನ ಜೊತೆಗೇ ಬರಬೇಕು," ಎಂದಿತು.

ಪಾರುಪತ್ಯಗಾರ ಗದರಲಿಲ್ಲ. ಉಳಿದ ಆ್ಯಪ್‌ಗಳನ್ನೆಲ್ಲ ಕರೆದು, "ಈ ಫಾಂಟನ್ನು ನೆಚ್ಚಿಕೊಂಡವರು ಯಾರಾದರೂ ಇದ್ದೀರಾ?" ಎಂದು ಕೇಳಿದ.

ಕಾಗದ ಬರೆಯುವ ಓಲೆ ಎಂಬ ಪುಟ್ಟ ಆ್ಯಪ್ ಅಂಜುತ್ತ ಮುಂದೆ ಬಂತು. "ನಾನಿದ್ದೇನೆ ಸ್ವಾಮಿ. ಅದು ಹೋದರೆ ನನ್ನ ಕನ್ನಡವೆಲ್ಲ ಬರೀ ಖಾಲಿ ಚೌಕಗಳಾಗುತ್ತದೆ."

"ಕೇಳಿದೆಯಾ ಕುಂಚ? ನಿನ್ನನ್ನು ಒಂದು ಚೂರೂ ಉಳಿಸದೆ ತೆಗೆಯುತ್ತೇನೆ. ಆದರೆ ಇನ್ನೊಬ್ಬರಿಗೆ ಆಸರೆಯಾದದ್ದನ್ನು ಯಾರ ಮಾತಿಗೂ ಕೀಳುವುದಿಲ್ಲ," ಎಂದ ಪಾರುಪತ್ಯಗಾರ.

ತೆಗೆಯುವ ಕೆಲಸದಲ್ಲೂ ಇಷ್ಟು ಜೋಪಾನ ಮಾಡುವವನನ್ನು ಕುಂಚ ಕಂಡಿರಲಿಲ್ಲ. ಅದರ ಸಿಟ್ಟು ಇಳಿಯಿತು. ಫಾಂಟಿನ ಕಡೆ ತಿರುಗಿ, "ಓಲೆಯ ಜೊತೆ ಚೆನ್ನಾಗಿರು," ಎಂದು ಹೇಳಿ, ಪಾರುಪತ್ಯಗಾರನಿಗೆ ಕೈಮುಗಿದು, ತಾನಾಗಿಯೇ ಹೊರಟಿತು.