ವೈರು ಕಿತ್ತವರ ದೊಡ್ಡಿ

"ಗುರುಗಳೇ, ಸೋಲುವ ಹೊತ್ತಿಗೆ ಬರುವ ಸಿಟ್ಟನ್ನು ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

ಕಂಪ್ಯೂಟರಿನಲ್ಲಿ ದೂರದ ಊರುಗಳವರ ಜೊತೆ ಆಡುವ ಹೊಡೆದಾಟದ ಆಟವನ್ನು ಅವನು ಆ ಗುರುಗಳ ಹತ್ತಿರ ಕಲಿಯುತ್ತಿದ್ದ. ಮೂರು ತಿಂಗಳಾಗಿತ್ತು. ಬಂದ ದಿನ ಹೇಗಿದ್ದನೋ ಹಾಗೇ ಇದ್ದ. ಆಗಷ್ಟೇ ಒಂದು ಆಟದ ನಡುವೆ ನೆಟ್ಟಿನ ವೈರನ್ನು ಕಿತ್ತಿದ್ದ. ಒಂದು ತುದಿ ಕಿತ್ತರೆ ಸಾಕಿತ್ತು. ಸಿಟ್ಟಿಗೆ ಎರಡೂ ತುದಿ ಕಿತ್ತು, ವೈರನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದು ನಿಂತಿದ್ದ.

"ಯಾರ ಜೊತೆ ಆಡುತ್ತಿದ್ದೆ?" ಎಂದರು ಗುರುಗಳು.

"ಯಾರೋ ಒಬ್ಬರು. ಹೆಸರು ಯಾರು ನೋಡುತ್ತಾರೆ? ಇನ್ನೊಂದು ಏಟು ಬಿದ್ದಿದ್ದರೆ ನಾನು ಸೋಲುತ್ತಿದ್ದೆ. ಮೈಯೆಲ್ಲ ಉರಿಯಿತು, ಕಿತ್ತೆ. ಹೀಗೆ ಕಿತ್ತರೆ ಸೋಲು ನಮ್ಮ ಹೆಸರಿಗೆ ಹತ್ತುವುದಿಲ್ಲ. ಆಟ ನಡೆಸುವವರು ಏನೋ ಎಚ್ಚರಿಕೆ ಕಳಿಸುತ್ತಾರೆ. ನಾನು ಅದನ್ನು ಓದುವುದೂ ಇಲ್ಲ."

ಗುರುಗಳು ವೈರನ್ನು ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬಳು ರೊಟ್ಟಿ ಮಾರುವವಳಿದ್ದಳು. ಬೆಳಗಿನಿಂದ ಜೋಳದ ರೊಟ್ಟಿ ತಟ್ಟಿ, ಮಧ್ಯಾಹ್ನ ಒಲೆ ಆರಿದ ಮೇಲೆ ಒಂದು ತಾಸು ಈ ಆಟಕ್ಕೆ ಕೂರುತ್ತಿದ್ದಳು. ರೊಟ್ಟಿ ದಪ್ಪವಾಯಿತು ಎನ್ನುವವರು, ಸೀದಿದೆ ಎನ್ನುವವರು, ನಿನ್ನೆಯದು ಕೊಟ್ಟೆ ಎನ್ನುವವರು, ಎಲ್ಲರ ಮಾತನ್ನೂ ಹಲ್ಲು ಕಚ್ಚಿ ಕೇಳಿದವಳಿಗೆ ಯಾರಿಗಾದರೂ ನಾಲ್ಕು ಬಾರಿಸಬೇಕು ಎನಿಸುತ್ತಿತ್ತು. ಬಾರಿಸಲು ಕೂತರೆ ಏಟು ಅವಳಿಗೇ ಬೀಳುತ್ತಿತ್ತು.

ಕರಿಗೂಳಿ ಎಂದು ಹೆಸರಿಟ್ಟುಕೊಂಡ ಒಬ್ಬ ಆಟಗಾರ ಅವಳನ್ನು ನಲವತ್ತು ಸಲ ಸೋಲಿಸಿದ. ಸೋಲಿಸಿ ಸುಮ್ಮನೆ ಹೋಗುತ್ತಿರಲಿಲ್ಲ. ಪರದೆಯಲ್ಲಿ ಅವಳ ಆಳು ನೆಲಕ್ಕೆ ಬಿದ್ದ ಮೇಲೆ ತನ್ನ ಆಳನ್ನು ಅದರ ಪಕ್ಕಕ್ಕೆ ತಂದು ಕುಕ್ಕರುಗಾಲಿನಲ್ಲಿ ಕೂರಿಸಿ ಏಳಿಸುತ್ತಿದ್ದ, ಮತ್ತೆ ಕೂರಿಸಿ ಏಳಿಸುತ್ತಿದ್ದ. ಆ ಆಟದಲ್ಲಿ ಬೈಯಲು ಬಾಯಿಲ್ಲ. ಅದೇ ಬೈಗುಳ.

ಅವನನ್ನು ಒಂದೇ ಒಂದು ಸಲ ಕೆಡವಬೇಕು ಎಂಬುದು ಅವಳ ಹಟ. ಬಿದ್ದಾಗಲೆಲ್ಲ ಅವಳು ನೆಟ್ಟನ್ನು ಬೈಯುತ್ತಿದ್ದಳು, ಬಟನ್ನುಗಳನ್ನು ಬೈಯುತ್ತಿದ್ದಳು, ಅವನ ಏಳು ತಲೆಮಾರನ್ನು ಬೈಯುತ್ತಿದ್ದಳು. ಒಂದು ದಿನ ಅವಳ ಅತ್ತೆ ಕೇಳಿಯೇಬಿಟ್ಟಳು.

"ನೆಟ್ಟು ನಿಧಾನ ಐತಿ ಅಂತೀಯಲ್ಲಬೇ, ಅದು ನಿನಗ ಏಟು ಬೀಳುವಾಗ ಅಷ್ಟ ನಿಧಾನ ಆಗತೈತೇನು?"

"ನೀವು ರೊಟ್ಟಿ ಜ್ವಾಕಿ ಮಾಡ್ರಿ ಅತ್ತಿ. ನನ್ನ ಗೊಡವಿಗೆ ಬರಬ್ಯಾಡ್ರಿ."

ನಲವತ್ತೊಂದನೆಯ ಸಲ, ಕೊನೆಯ ಏಟು ಬೀಳುವ ಮೊದಲು, ಅವಳು ವೈರು ಕಿತ್ತಳು. ಪರದೆ ನಿಂತುಹೋಯಿತು. ಅವಳ ಹೆಸರಿಗೆ ಸೋಲು ಹತ್ತಲಿಲ್ಲ. ಕರಿಗೂಳಿಗೆ ಕೂತು ಏಳುವ ಭಾಗ್ಯವೂ ಸಿಗಲಿಲ್ಲ. ಅವಳಿಗೆ ಹೊಟ್ಟೆ ತಣ್ಣಗಾಯಿತು. ಅಂದಿನಿಂದ ಸೋಲು ಕಂಡಾಗಲೆಲ್ಲ ಕಿತ್ತಳು. ಒಂದು ತಿಂಗಳು ಅವಳು ಒಮ್ಮೆಯೂ ಸೋಲಲಿಲ್ಲ, ಒಂದು ಅಕ್ಷರವನ್ನೂ ಕಲಿಯಲಿಲ್ಲ.

ಹಿಂದೆ ಊರಲ್ಲಿ ಪರರ ಹೊಲ ಮೇಯುವ ತುಡುಗು ದನಗಳನ್ನು ಹಿಡಿದು ದೊಡ್ಡಿಗೆ ಹಾಕುತ್ತಿದ್ದರು. ಆ ಆಟ ನಡೆಸುವವರೂ ಒಂದು ದೊಡ್ಡಿ ಕಟ್ಟಿದ್ದರು. ಎಚ್ಚರಿಕೆ ಕೊಟ್ಟರೂ ವೈರು ಕೀಳುವವರನ್ನೆಲ್ಲ ಬೇರೆ ಮಾಡಿ, ಅವರು ಅವರವರಲ್ಲೇ ಹೊಡೆದಾಡಿಕೊಳ್ಳಲಿ ಎಂದು ಬಿಟ್ಟಿದ್ದರು. ರೊಟ್ಟಿಯವಳೂ ಅದರೊಳಗೆ ಬಿದ್ದಳು. ಇನ್ನು ಕರಿಗೂಳಿ ಅವಳ ಕೈಗೆ ಸಿಗುವಂತಿರಲಿಲ್ಲ. ಹೊರಗೆ ಬರಲು ಒಂದೇ ದಾರಿ. ಇಪ್ಪತ್ತು ಆಟ ಕೊನೆಯವರೆಗೆ ಮುಗಿಯಬೇಕು. ನಡುವೆ ಯಾರು ವೈರು ಕಿತ್ತರೂ ಆ ಆಟ ಲೆಕ್ಕಕ್ಕಿಲ್ಲ.

ಇಪ್ಪತ್ತು ಯಾವ ಮಹಾ ಎಂದುಕೊಂಡಳು. ಎರಡು ದಿನದಲ್ಲಿ ಅವಳಿಗೆ ಆ ದೊಡ್ಡಿಯ ಬುದ್ಧಿ ತಿಳಿಯಿತು. ಅಲ್ಲಿದ್ದವರೆಲ್ಲ ಅವಳಂಥವರೇ. ಅವಳ ಕೈ ಮೇಲಾದರೆ ಎದುರಿನವರು ಕೀಳುತ್ತಿದ್ದರು. ಅಂದರೆ ಅಲ್ಲಿ ಕೊನೆ ಮುಟ್ಟುವ ಆಟ ಒಂದೇ, ಅವಳು ಸೋಲುವ ಆಟ. ಹೊರಗೆ ಬರಬೇಕಾದರೆ ಇಪ್ಪತ್ತು ಸಲ ಕೂತು ಸೋಲಬೇಕು.

ಅವಳು ವೈರಿನ ಮೇಲೆ ರೊಟ್ಟಿ ತಟ್ಟುವ ಕಲ್ಲು ಹೇರಿ ಕೂತಳು.

ಮೊದಲ ಸೋಲಿಗೆ ಕೆಂಡ ತುಳಿದಂತಾಯಿತು. ಎರಡನೆಯದಕ್ಕೂ ಹಾಗೇ. ಸಿಟ್ಟು ಎಲ್ಲಿಗೂ ಹೋಗಲಿಲ್ಲ. ಕೈಗೆ ದಾರಿ ಇರಲಿಲ್ಲವಾದ್ದರಿಂದ ಅದು ಕಣ್ಣಿಗೆ ಬಂತು. ಕಿತ್ತ ಆಟ ಯಂತ್ರದಲ್ಲಿ ಉಳಿಯುವುದಿಲ್ಲ, ಮುಗಿದ ಆಟ ಉಳಿಯುತ್ತದೆ. ತನ್ನನ್ನು ಕೆಡವಿದ ಆಟವನ್ನೇ ಅವಳು ಮತ್ತೆ ಹಾಕಿ, ಕಣ್ಣು ಕೆರಳಿಸಿಕೊಂಡು ನೋಡಿದಳು. ಹಾರಿದಾಗ ಬಿದ್ದ ಪ್ರತಿ ಏಟಿಗೂ ಒಂದು ಶೇಂಗಾ ಬಲಕ್ಕೆ ಇಟ್ಟಳು, ಉಳಿದ ಏಟಿಗೆ ಎಡಕ್ಕೆ. ಎಡಕ್ಕೆ ನಾಲ್ಕು ಕಾಳು. ಬಲಕ್ಕೆ ರಾಶಿ. ಆಟ ಶುರುವಾದೊಡನೆ ಅವಳು ಎದುರಿನವರ ಮೇಲೆ ಹಾರುತ್ತಿದ್ದಳು. ಅವರು ಕೆಳಗೆ ನಿಂತು, ಬೀಳುವ ಹಣ್ಣಿಗೆ ಸೆರಗು ಒಡ್ಡಿದಂತೆ ಕಾಯುತ್ತಿದ್ದರು. ನೆಟ್ಟಿನ ತಪ್ಪಿಗೆಂದು ಇಟ್ಟ ಶೇಂಗಾ ಒಂದೂ ಇರಲಿಲ್ಲ.

ಮರುದಿನ ಅವಳು ಹಾರಲೇ ಇಲ್ಲ. ಅವತ್ತೂ ಸೋತಳು, ಆದರೆ ಹೊತ್ತು ಹಿಡಿಯಿತು. ನಾಲ್ಕು ದಿನ ಬರೀ ಏಟು ತಡೆಯುವುದನ್ನು ಕಲಿತಳು. ಮೇಲಿನ ಏಟು ಬಂದಾಗ ನಿಂತು ತಡೆದಳು, ಕಾಲಿಗೆ ಬಂದಾಗ ಕೂತು ತಡೆದಳು. ಹೊಡೆಯಲು ಹೋಗಲಿಲ್ಲ. ಆಮೇಲೆ ಒಂದೇ ಒಂದು ಏಟು ಕಲಿತಳು. ಎದುರಿನವರು ಬೀಸಿ ತಪ್ಪಿದ ಕ್ಷಣಕ್ಕೆ ಕೊಡುವ ಏಟು. ಹಿಟ್ಟು ನಾದಲು ಬಾರದವಳು ತಟ್ಟಲು ಹೋದರೆ ರೊಟ್ಟಿ ಹರಿಯುತ್ತದೆ ಎಂಬುದು ಅವಳಿಗೆ ಗೊತ್ತಿದ್ದ ಸಂಗತಿಯೇ. ಇಷ್ಟು ದಿನ ಅದು ಇಲ್ಲಿ ನೆನಪಾಗಿರಲಿಲ್ಲ, ಅಷ್ಟೆ.

ಹೀಗೆ ಹತ್ತೊಂಬತ್ತು ಸೋಲು ಮುಗಿದವು. ಒಂದು ಉಳಿಯಿತು.

ಆ ಒಂದು ಮುಗಿಯಲಿಲ್ಲ. ಅಷ್ಟರಲ್ಲಿ ಅವಳು ಕಲಿತುಬಿಟ್ಟಿದ್ದಳು. ದೊಡ್ಡಿಯಲ್ಲಿ ಅವಳನ್ನು ಕೆಡವುವವರು ಇರಲಿಲ್ಲ. ಕೂತ ಆಟವನ್ನೆಲ್ಲ ಗೆಲ್ಲುವ ಅಂಚಿಗೆ ತರುತ್ತಿದ್ದಳು. ಇನ್ನೊಂದು ಏಟು ಎನ್ನುವಾಗ ಪರದೆ ನಿಂತುಹೋಗುತ್ತಿತ್ತು. ಹತ್ತು ಸಲ ಹಾಗಾಯಿತು, ಮೂವತ್ತು ಸಲ ಹಾಗಾಯಿತು. ಸೋತಾಗಿನ ಸಿಟ್ಟು ಇದರ ಮುಂದೆ ಏನೂ ಅಲ್ಲ ಎಂದು ಅವಳಿಗೆ ಅನಿಸಿತು. ತಾನು ದುಡಿದು ಬೇಯಿಸಿದ ರೊಟ್ಟಿಯನ್ನು ಮುಖ ತೋರಿಸದ ಯಾರೋ ಹಂಚಿನಿಂದಲೇ ಎತ್ತಿಕೊಂಡು ಓಡಿದಂತೆ ಇತ್ತು.

"ನಿನ್ನ ಕೈ ಸೇದಿಹೋಗಲಿ, ತುಡುಗ! ಸೋಲು ಬ್ಯಾಡಾದ್ರ ಆಡಾಕ ಯಾಕ ಬರ್ತೀ?" ಎಂದು ಪರದೆಗೆ ಕೂಗಿದಳು. ಕೂಗಿದ ಮೇಲೆ ಮೊದಲ ಸಲ ಕರಿಗೂಳಿ ನೆನಪಾದ. ಅವನ ಮನೆಯಲ್ಲೂ ಒಂದು ತಿಂಗಳು ಪರದೆ ಹೀಗೇ ನಿಂತಿತ್ತು.

ಬೇಕೆಂದೇ ಸೋತು ಹೊರಗೆ ಹೋಗೋಣ ಎಂದು ಒಂದು ದಿನ ನೋಡಿದಳು. ಬಟನ್ನು ಒತ್ತದೆ ಕೂತಳು. ಏಟು ತಿಂದಳು, ತಿಂದಳು. ಕೊನೆಯ ಏಟು ಬರುವಾಗ ಕೈ ತಾನೇ ಹೋಗಿ ತಡೆಯಿತು. ತಡೆದ ಕೈ ತಿರುಗಿಸಿ ಹೊಡೆಯಿತು, ಮತ್ತೆ ಹೊಡೆಯಿತು. ಎದುರಿನವನು ಕಿತ್ತುಕೊಂಡು ಓಡಿದ. ಕಲಿತ ಕೈಗೆ ಮರೆ ಎಂದು ಹೇಳಿದರೆ ಅದು ಕೇಳುವುದಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದ ಶಿಷ್ಯ. ಅವನಿಗೆ ತನ್ನ ಪ್ರಶ್ನೆ ಮರೆತುಹೋಗಿತ್ತು. ರೊಟ್ಟಿಯವಳ ಪರವಾಗಿ ಅವನ ಮುಖ ಕೆಂಪಾಗಿತ್ತು. "ಹೊರಗೆ ಬಂದಳೇ? ಕರಿಗೂಳಿಯನ್ನು ಕೆಡವಿದಳೇ?"

"ಇಲ್ಲ. ಇವತ್ತಿಗೂ ಅಲ್ಲೇ ಇದ್ದಾಳೆ. ಎದುರಿಗೆ ಕೂತವರಲ್ಲಿ ಯಾರಾದರೂ ಒಬ್ಬರು ಸೋಲುವವರೆಗೆ ಕೂತರೆ ಸಾಕು, ಅವಳಿಗೆ ಬಾಗಿಲು ತೆರೆಯುತ್ತದೆ."

"ಅಷ್ಟೂ ಜನರಲ್ಲಿ ಒಬ್ಬನೂ ಗಂಡಸಲ್ಲವೇ? ಒಂದು ಸೋಲು ತಡೆಯಲಾರದ ಆ ಹೇಡಿಗಳು ಯಾರು?" ಎಂದು ಶಿಷ್ಯ ಸಿಟ್ಟಿನಿಂದ ಮುಷ್ಟಿ ಎತ್ತಿದ. ಮುಷ್ಟಿಯಲ್ಲಿ ವೈರಿನ ಎರಡೂ ತುದಿಗಳು ಜೋತಾಡಿದವು.

ಗುರುಗಳು ಹೇಳಿದರು: "ಈಗ ಸ್ವಲ್ಪ ಹೊತ್ತಿನ ಹಿಂದೆ ನಿನ್ನ ಎದುರಿಗಿದ್ದವಳು ಅವಳೇ ಅಲ್ಲ ಎಂದು, ಎಚ್ಚರಿಕೆಯನ್ನೂ ಓದದ, ಹೆಸರನ್ನೂ ನೋಡದ ನಿನಗೆ ಹೇಗೆ ಗೊತ್ತು?"