ಮೋಟಾರು ಮುಂದೋ, ಸೈಕಲ್ಲು ಮುಂದೋ

ಕೆಂಚನಗಡದ ಅರಮನೆಯಲ್ಲಿ ನನ್ನ ಕೆಲಸ ದೊರೆಗಳನ್ನು ನಗಿಸೋದು. ಅದಕ್ಕೆ ನಾನು ಹೆಚ್ಚು ಕಷ್ಟಪಡಬೇಕಾಗಿರಲಿಲ್ಲ. ಸೈಕಲ್ ಹತ್ತಿ ಅಂಗಳಕ್ಕೆ ಬಂದರೆ ಸಾಕು, ಉಳಿದದ್ದನ್ನು ನನ್ನ ಹೊಟ್ಟೆಯೇ ನೋಡಿಕೊಳ್ಳುತ್ತಿತ್ತು. ಹತ್ತೋದಕ್ಕೆ ನನಗೆ ಕುದುರೆ ಹತ್ತುವ ಕಲ್ಲು ಬೇಕು. ಇಳಿಯೋದಕ್ಕೆ ಹುಲ್ಲಿನ ಮೆದೆಯೋ ಮತ್ತೊಂದೋ, ಒಟ್ಟಿನಲ್ಲಿ ಮೆತ್ತಗಿರೋದು ಏನಾದರೂ ಎದುರಿಗೆ ಸಿಗಬೇಕು.

ಆದರೂ ಆ ಸೈಕಲ್ ಅಂದರೆ ನನಗೆ ಪ್ರಾಣ. ಯಾಕೆಂದರೆ, ಮುದ್ದೆ. ನನ್ನ ಮನೆ ಇರೋದು ಪೇಟೆಯ ಆಚೆ ತುದಿಯಲ್ಲಿ. ಕೋಟೆ ಮೇಲೆ ಮಧ್ಯಾಹ್ನದ ಫಿರಂಗಿ ಹಾರಿದ ಕೂಡಲೇ ನನ್ನ ಹೆಂಡತಿ ನಿಂಗಾಜಮ್ಮ ಮುದ್ದೆ ಕಟ್ಟಿ ತಟ್ಟೆಗಿಡುತ್ತಾಳೆ. ಗಂಡ ಬಂದನೋ ಇಲ್ಲವೋ ಅಂತ ತಿರುಗಿ ನೋಡುವವಳಲ್ಲ. ನಡೆದು ಹೋದರೆ ಅಷ್ಟರಲ್ಲಿ ಅದು ಆರಿ ಕಲ್ಲಾಗಿರುತ್ತೆ. ಸೈಕಲ್ಲಲ್ಲಿ ಹೋದರೆ ಬಿಸಿ ಬಿಸಿ ಸಿಗುತ್ತೆ.

ಹೀಗಿರುವಾಗ ನಮ್ಮ ದೊರೆ ತಿಮ್ಮಭೂಪರು ಒಂದು ಮೋಟಾರು ತರಿಸಿದರು. ಅಂದಿನಿಂದ ಒಡ್ಡೋಲಗದಲ್ಲಿ ಬೇರೆ ಮಾತೇ ಇಲ್ಲ. ಇನ್ನು ಪೇಟೆಗೆ ಹೋಗಿಬರೋದು ಕಣ್ಣು ಮಿಟುಕಿಸಿದಷ್ಟು ಹೊತ್ತಿನ ಕೆಲಸ ಅಂತ ದೊರೆಗಳು ಅಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿ ಸುಮ್ಮನಿರಬಹುದಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳಿದ್ದು ಯಾವತ್ತು?

"ದೂರದ ಊರಿಗಾದರೆ ಸರಿ ಮಹಾಸ್ವಾಮಿ. ಪೇಟೆಗಾದರೆ ನನ್ನ ಸೈಕಲ್ಲೇ ಮುಂದೆ," ಅಂದುಬಿಟ್ಟೆ.

ದೊರೆಗಳ ಮೀಸೆ ಅದುರಿತು. ನಾಳೆ ಸಂಜೆಯೇ ಪಂದ್ಯ ಅಂದರು. ಅರಮನೆ ಬಾಗಿಲಿಂದ ಹೊರಟು ಪೇಟೆಯ ಗಿರಿಜಕ್ಕನ ಬಜ್ಜಿ ಅಂಗಡಿ ಮುಟ್ಟಬೇಕು. ಆ ಬಜ್ಜಿ ಅಂದರೆ ಅವರಿಗೂ ಆಸೆ, ಆದರೆ ಅದು ಬೆಳ್ಳಿ ತಟ್ಟೆ ಏರಿ, ನಾಲ್ಕು ಜನರ ಕೈದಾಟಿ ಅರಮನೆಗೆ ಬರೋ ಹೊತ್ತಿಗೆ ತಣ್ಣಗಾಗಿ ಚಕ್ಕಳವಾಗಿರುತ್ತಿತ್ತು. ನಾನು ಗೆದ್ದರೆ ಬಹುಮಾನ. ಸೋತರೆ ಸೈಕಲ್ಲು ಕೋಟೆಯ ಕಂದಕಕ್ಕೆ, ನಾನು ದಿನಾ ನಡೆದು ಮನೆಗೆ.

ನನ್ನ ಕಣ್ಣ ಮುಂದೆ ಕಲ್ಲಾದ ಮುದ್ದೆ ಬಂತು. ಕೈ ಮುಗಿದು ಒಂದೇ ಒಂದು ಷರತ್ತು ಕೇಳಿಕೊಂಡೆ.

"ಮಹಾಸ್ವಾಮಿಯವರು ಮಹಾಸ್ವಾಮಿಯವರ ಹಾಗೇ ಬರಬೇಕು. ನಾನು ನನ್ನ ಹಾಗೆ ಬರ್ತೀನಿ."

"ಮತ್ತೆ ಹೇಗೆ ಬರ್ತೀವಯ್ಯಾ ನಾವು?" ಅಂತ ದೊರೆಗಳು ನಕ್ಕರು.

ಮರುದಿನ ಸಂಜೆ ಕೊಂಬು ಊದಿದರು. ನಾನು ಕಲ್ಲು ಹತ್ತಿ, ಸೈಕಲ್ ಹತ್ತಿ, ಒಮ್ಮೆ ಬಿದ್ದು, ಮತ್ತೆ ಹತ್ತಿ ಹೊರಟೆ. ಹಿಂದೆ ಮೋಟಾರಿನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡುತ್ತಿದ್ದರು. ಪುರೋಹಿತರು ಕಾಯಿ ಒಡೆದರು, ಅದು ಸರಿಯಾಗಿ ಒಡೆಯಲಿಲ್ಲ ಅಂತ ಇನ್ನೊಂದು ತರಿಸಿದರು. ಆಮೇಲೆ ಹೊಗಳುಭಟ್ಟರು ದೊರೆಗಳ ಬಿರುದುಗಳನ್ನೆಲ್ಲ ಹೇಳಿ ಮುಗಿಸಿ, ಮೋಟಾರಿಗೂ ಅಂತ ಹೊಸದಾಗಿ ಕಟ್ಟಿಕೊಂಡು ಬಂದಿದ್ದ ಬಿರುದುಗಳನ್ನು ಶುರುಮಾಡಿದರು.

ನನ್ನ ಪ್ರಯಾಣವೇನೂ ನೋಡುವಂತಿರಲಿಲ್ಲ. ಪಂಚೆ ಚೈನಿಗೆ ಸಿಕ್ಕಿ ಅರ್ಧ ಹರಿಯಿತು. ಏರಿನಲ್ಲಿ ಅಗಸರ ಕತ್ತೆಯೊಂದು ನನ್ನನ್ನು ಹಿಂದೆ ಹಾಕಿ ಮುಂದೆ ಹೋಯಿತು. ಇಳಿಜಾರಿನಲ್ಲಿ ನಾನು ಸೈಕಲ್ ಓಡಿಸುತ್ತಿದ್ದೆ ಅನ್ನೋದಕ್ಕಿಂತ ಅದೇ ನನ್ನನ್ನು ಎತ್ತಿಕೊಂಡು ಓಡುತ್ತಿತ್ತು. ಗಿರಿಜಕ್ಕನ ಅಂಗಡಿ ಮುಂದಿನ ಈರುಳ್ಳಿ ಮೂಟೆಗೆ ಗುದ್ದಿ ಇಳಿದೆ. ಗಿರಿಜಕ್ಕ ಬಾಣಲೆಯಿಂದ ತಲೆಯೆತ್ತದೆ, ಬಂದೆಯಾ ಸೀಬಯ್ಯ, ಕೂತ್ಕೋ ಅಂದಳು.

ಬಾಣಲೆಯಿಂದ ಇಳಿದ ಮೊದಲ ಒಬ್ಬೆ ಬಜ್ಜಿ ತಿಂದು ಎರಡನೆಯದಕ್ಕೆ ಕಾಯುತ್ತಿದ್ದಾಗ ಮೋಟಾರಿನ ಸದ್ದು ಕೇಳಿಸಿತು. ದಾರಿಯ ಮೂಲೆಮೂಲೆಗೂ ಹೆಂಗಸರು ಆರತಿ ತಟ್ಟೆ ಹಿಡಿದು ಅಡ್ಡ ನಿಂತಿದ್ದರಂತೆ. ಆರತಿ ಬಿಟ್ಟು ಮುಂದೆ ಹೋಗೋ ಹಾಗಿಲ್ಲ. ಬಜ್ಜಿ ಅಂಗಡಿಯ ಓಣಿಗೆ ಬಂದರೆ ಮೋಟಾರು ಒಳಗೆ ಹಿಡಿಯಲೇ ಇಲ್ಲ. ನಿಲ್ಲಿಸೋಣ ಅಂದರೆ ಎತ್ತಿನ ಗಾಡಿಗಳ ನಡುವೆ ಜಾಗವಿಲ್ಲ. ಕೊನೆಗೆ ಹಿಂದಕ್ಕೆ ಹೋಗಿ ಆನೆ ಲಾಯದಲ್ಲಿ ನಿಲ್ಲಿಸಿದರು.

ಅಲ್ಲಿಂದಲಾದರೂ ನಡೆದು ಬರಬಹುದಿತ್ತಲ್ಲ? ಬೆಳ್ಗೊಡೆ ಇಲ್ಲದೆ ದೊರೆ ನೆಲಕ್ಕೆ ಕಾಲಿಡುವ ಪದ್ಧತಿ ನಮ್ಮಲ್ಲಿಲ್ಲ. ಆ ಬಿಳಿ ಕೊಡೆಯನ್ನು ಮೋಟಾರಿನಲ್ಲಿ ಬಿಡಿಸಿದರೆ ಗಾಳಿಗೆ ಹಾರಿಹೋಗುತ್ತೆ ಅಂತ, ಕೊಡೆ ಹಿಡಿಯುವ ಹೊನ್ನಯ್ಯ ಅರಮನೆಯಿಂದ ನಡೆದು ಬರುತ್ತಿದ್ದ. ಹೊನ್ನಯ್ಯನಿಗೆ ಮಂಡಿನೋವು. ಅವನು ಬರೋವರೆಗೂ ದೊರೆಗಳು ಆನೆಗಳ ಜೊತೆ ಕೂತಿದ್ದರು.

ಅಂತೂ ಬಂದರು. ನನ್ನನ್ನೂ ನನ್ನ ಮುಂದಿದ್ದ ಬಜ್ಜಿಯ ಬಾಳೆಲೆಯನ್ನೂ ನೋಡಿದರು.

"ಅದಕ್ಕೇನಯ್ಯಾ ನಾವು ನಮ್ಮ ಹಾಗೇ ಬರಬೇಕು ಅಂದದ್ದು?"

ನಾನು ಎದ್ದು ಹರಿದ ಪಂಚೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೆ.

"ಮೋಟಾರಿನದೇನೂ ತಪ್ಪಿಲ್ಲ ಮಹಾಸ್ವಾಮಿ, ಸೈಕಲ್ಲಿನ ಹೆಚ್ಚುಗಾರಿಕೆಯೂ ಇಲ್ಲ. ತಮ್ಮನ್ನು ಕಂಡರೆ ಊರೆಲ್ಲ ದಾರಿಗೆ ಅಡ್ಡ ಬಂದು ನಿಲ್ಲುತ್ತೆ. ನಾನು ಸೈಕಲ್ ಮೇಲೆ ಬರೋದು ಕಂಡರೆ ಊರೆಲ್ಲ ದಾರಿ ಬಿಟ್ಟು ಓಡುತ್ತೆ."

ಗಿರಿಜಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ದೊರೆಗಳು ಬಾಣಲೆ ಪಕ್ಕದಿಂದ ಒಂದು ಬಜ್ಜಿ ತಾವೇ ಎತ್ತಿಕೊಂಡು ಬಾಯಿಗಿಟ್ಟರು. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ಇನ್ನೊಂದು ತೆಗೆದುಕೊಂಡರು. ಅದೂ ಮುಗಿದ ಮೇಲೆ ಬಹುಮಾನ ಸಾರಿದರು.

"ಇನ್ನು ಮೇಲೆ ಸೀಬಯ್ಯ ಸೈಕಲ್ ಹತ್ತಿದಾಗಲೆಲ್ಲ ಮುಂದೆ ಹೊಗಳುಭಟ್ಟರು, ಮೂಲೆಮೂಲೆಗೂ ಆರತಿ, ಪಕ್ಕದಲ್ಲಿ ಹೊನ್ನಯ್ಯನ ಬೆಳ್ಗೊಡೆ."

ನಾನು ಅಲ್ಲೇ ಅವರ ಕಾಲಿಗೆ ಬಿದ್ದೆ. ಬೀಳೋದು ನನಗೆ ಅಭ್ಯಾಸವೇ.

"ಸಿಟ್ಟಿದ್ದರೆ ಸೈಕಲ್ಲನ್ನು ಕಂದಕಕ್ಕೇ ಹಾಕಿಸಿ ಮಹಾಸ್ವಾಮಿ, ಮರ್ಯಾದೆ ಮಾತ್ರ ಮಾಡಬೇಡಿ. ಮುದ್ದೆ ಆರಿಹೋಗುತ್ತೆ!"

ದೊರೆಗಳು ನಕ್ಕ ನಗುವಿಗೆ ಹೊನ್ನಯ್ಯನ ಕೊಡೆ ವಾಲಿತು. ಮರ್ಯಾದೆಯನ್ನು ನಿಂತಲ್ಲೇ ರದ್ದು ಮಾಡಿ, ನಿಂಗಾಜಮ್ಮನಿಗೆ ಕೊಡು ಅಂತ ಒಂದು ಪೊಟ್ಟಣ ಬಜ್ಜಿ ಕಟ್ಟಿಸಿಕೊಟ್ಟರು. ಮನೆ ಬಾಗಿಲಲ್ಲಿ ನಾನು ತುಳಸಿಗಿಡಕ್ಕೆ ಗುದ್ದಿ ಇಳಿದಾಗಲೂ ಅದು ಬಿಸಿಯಾಗಿಯೇ ಇತ್ತು.